ನಕ್ಷೆಗಾರ ಹೋದದ್ದು ಹೇಗೆ

ತಂಗಿಯ ಮಗಳು ಕಾವೂರಿನಿಂದ ರಜೆಗೆಂದು ನಮ್ಮಲ್ಲಿಗೆ ಬಂದಿದ್ದಾಳೆ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ, ಸಣ್ಣಗೆ ಜೊಂಪು ಹತ್ತಿತ್ತು. ಆಗ ಪಕ್ಕದ ಕೋಣೆಯಲ್ಲಿ ಅವಳ ಮೊಬೈಲಿನಿಂದ ಒಂದು ಸಂಗೀತ ಶುರುವಾಯಿತು. ಮೊದಲು ನಗಾರಿಯ ಎರಡು ಪೆಟ್ಟು, ಆಮೇಲೆ ಎಲ್ಲೋ ದೂರದಲ್ಲಿ ಕೊಂಬು ಊದಿದ ಹಾಗೆ. ನಾನು ಎದ್ದು ಕೂತೆ. ನಗಬೇಡಿ. ತಲೆ ನರೆತ ಹೋಟೆಲಿನವನೊಬ್ಬ ಟೀವಿ ಸರಣಿಯ ಹಿನ್ನೆಲೆ ಸಂಗೀತಕ್ಕೆ ಮಂಚದಿಂದ ಎದ್ದು ಕೂರುವುದು ಶೋಭೆಯ ಸಂಗತಿಯಲ್ಲ ಎಂದು ನನಗೂ ಗೊತ್ತು.

ಅವಳು ಬಾಗಿಲಲ್ಲಿ ಇಣುಕಿದಳು. "ಮಾಮ, ನೀವು ಇದನ್ನು ನೋಡಿದ್ದೀರಾ? ಲಾಸ್ಟ್ ಸೀಸನ್ ಬರೀ ವೇಸ್ಟ್ ಅಂತೆ, ಹೌದಾ?"

"ನೀನು ನೋಡು, ಆಮೇಲೆ ಮಾತಾಡುವ" ಎಂದು ಕಳಿಸಿದೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮದು ಬಂಟರ ಮನೆ. ಅಜ್ಜನ ಕಾಲಕ್ಕೆ ಗದ್ದೆಯಿತ್ತು, ಅಪ್ಪನ ಕಾಲಕ್ಕೆ ಮೀನೂಟದ ಹೋಟೆಲಾಯಿತು, ನನ್ನ ಕಾಲಕ್ಕೆ ಆ ಹೋಟೆಲಿನ ಮಹಡಿಯ ಕೋಣೆಗೆ ಒಂದು ದೊಡ್ಡ ಟೀವಿ ಬಂತು. ವಂಶೋದ್ಧಾರಕ್ಕೆ ನಾನು ಕೊಟ್ಟ ಕಾಣಿಕೆ ಅಷ್ಟೆ. ಟೀವಿ ತರಿಸಿದವನು ಜೆಪ್ಪುವಿನ ಡೆನಿಸ್. ಹೈಸ್ಕೂಲಿನಿಂದಲೂ ನನ್ನ ಪಕ್ಕದ ಬೆಂಚಿನವನು, ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಅವನಿಗೆ ಕೆಲಸ. ಒಂದು ರಜೆಯಲ್ಲಿ ಬಂದವನು ಈ ವಿದೇಶಿ ಸರಣಿಯ ಹುಚ್ಚು ಹಿಡಿಸಿಕೊಂಡೇ ಬಂದಿದ್ದ. ನನಗೆ ಹಿಡಿಸಿದ, ತನ್ನ ತಂಗಿ ಲವೀನಾಳಿಗೆ ಹಿಡಿಸಿದ, ಹಲ್ಲಿನ ಡಾಕ್ಟರಾಗಿದ್ದ ನಮ್ಮ ಇನ್ನೊಬ್ಬ ಗೆಳೆಯ ಪ್ರವೀಣನಿಗೆ ಹಿಡಿಸಿದ. ಅವರಿವರ ಬಾಯಿಂದ ಬಾಯಿಗೆ ಹಬ್ಬಿ ಒಂದು ಕೋಣೆ ತುಂಬುವಷ್ಟು ಜನವಾದೆವು. ಪ್ರತಿ ಸೋಮವಾರ, ಊಟದ ಗಿರಾಕಿಗಳು ಹೋಗಿ ಸಂಜೆಯ ಚಾದವರು ಬರುವ ಮೊದಲಿನ ಆ ಖಾಲಿ ಹೊತ್ತಿನಲ್ಲಿ ಮಹಡಿ ಹತ್ತುತ್ತಿದ್ದೆವು. ಗೋಳಿಬಜೆ ನನ್ನ ಲೆಕ್ಕದಲ್ಲಿ. ನಾನೂ ಪ್ರವೀಣನೂ ತುಳು, ಡೆನಿಸನ ಮನೆಯವರು ಕೊಂಕಣಿ, ಎಲ್ಲರೂ ಸೇರಿ ಜಗಳವಾಡುವಾಗ ಮಾತ್ರ ಕನ್ನಡ.

ಸರಣಿಯ ಕಥೆ ನಿಮಗೆ ಪೂರ್ತಿ ಬೇಡ. ರಾಜ್ಯವಿತ್ತು, ಸಿಂಹಾಸನಕ್ಕೆ ಹೊಡೆದಾಟವಿತ್ತು, ಕಡಲಿನಿಂದ ಏಳುವ ಭೂತಾಕಾರದ ಪ್ರಾಣಿಗಳಿದ್ದವು. ಡೆನಿಸನಿಗೆ ಅದಾವುದೂ ಬೇಕಿರಲಿಲ್ಲ. ಅವನ ಜೀವವೆಲ್ಲ ನಕ್ಷೆಗಾರನ ಮೇಲೆ. ರಾಜರ ಹಿಂದೆ ಒಂದು ಹೇಸರಗತ್ತೆ ಎಳೆದುಕೊಂಡು ಓಡಾಡುವ, ಕತ್ತಿ ಮುಟ್ಟದ, ಊರೂರಿನ ನಕ್ಷೆ ಬರೆಯುವ ಸಣಕಲು ಮನುಷ್ಯ ಅವನು. ಕೊನೆಯ ಸೀಸನ್ನಿನ ಹಿಂದಿನದು ಮುಗಿಯುವಾಗ, ನಕ್ಷೆಯ ಖಾಲಿ ಮೂಲೆಯೊಂದನ್ನು ತುಂಬಿಸಿ ಬರುತ್ತೇನೆಂದು ಒಬ್ಬನೇ ಹಿಮದ ಕಡೆಗೆ ನಡೆದು ಹೋಗಿದ್ದ.

"ನೋಡಿ ಬೇಕಾದ್ರೆ, ಅವನು ವಾಪಸ್ ಬರ್ತಾನೆ. ಇಡೀ ಕಥೆಯನ್ನು ನಿಲ್ಲಿಸುವವನೇ ಅವನು" ಎಂದು ಡೆನಿಸ್ ಮುಂದಿನ ಹಡಗು ಹತ್ತಿದ. ಮದುವೆಯ ಮಾತೆತ್ತಿದರೆ "ಮುಂದಿನ ರಜೆಗೆ" ಎನ್ನುವುದು ಅವನ ಅಭ್ಯಾಸ. ಆ ಸಲವೂ ಹಾಗೆಯೇ ಅಂದು ಹೋದ. ಬಂದರು ಸಿಕ್ಕಲ್ಲೆಲ್ಲ ನಮ್ಮ ಗುಂಪಿಗೆ ನಕ್ಷೆಗಾರನ ಬಗ್ಗೆ ಉದ್ದುದ್ದ ವಾಯ್ಸ್ ಮೆಸೇಜು ಕಳಿಸುತ್ತಿದ್ದ. ಹಿಂದಿನಿಂದ ಎಂಜಿನ್ನಿನ ಸದ್ದು ಕೇಳುತ್ತಿತ್ತು.

ಆಮೇಲೆ ಒಂದು ದಿನ ಹಡಗಿನ ಕಂಪೆನಿಯಿಂದ ಲವೀನಾಳಿಗೆ ಫೋನು ಬಂತು. ಅವಳು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಕ್ಲಾಸಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡಳಂತೆ. ನಿಮ್ಮ ಅಣ್ಣ ಬೆಳಿಗ್ಗೆ ಡ್ಯೂಟಿಗೆ ಬರಲಿಲ್ಲ, ಹಡಗಿನಲ್ಲಿ ಹುಡುಕಿದೆವು, ಸಿಗಲಿಲ್ಲ. ಹಡಗನ್ನು ತಿರುಗಿಸಿ ಬಂದ ದಾರಿಯಲ್ಲೇ ಹುಡುಕಿದರು, ಬೇರೆ ಹಡಗುಗಳಿಗೂ ಹೇಳಿದರು. ಏನೂ ಸಿಗಲಿಲ್ಲ. ಜಾರಿದನೋ, ಹಾರಿದನೋ, ಯಾರಿಗೂ ಗೊತ್ತಿಲ್ಲ. ಆ ಮನೆಗೆ ತಲುಪಿದ್ದು ಅದೊಂದೇ ಫೋನು ಮತ್ತು ಅವನ ಬ್ಯಾಗು.

ಅವರ ತಾಯಿ ಸ್ಟೆಲ್ಲಾ ಟೀಚರ್. ನನಗೂ ಡೆನಿಸನಿಗೂ ಇಂಗ್ಲಿಷ್ ಕಲಿಸಿದವರು. ರಿಟೈರಾಗಿ ಎಷ್ಟೋ ಕಾಲವಾದರೂ ಅವರೆದುರು ಬಾಯಿ ತೆರೆಯಲು ನನಗೆ ಆಗಲೂ ವ್ಯಾಕರಣದ ಭಯವಿತ್ತು. ಮಗ ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದ ಸರಣಿಯನ್ನು ಅವರೂ ನೋಡುತ್ತಿದ್ದರು. ರಾಣಿಯ ಉಚ್ಚಾರಣೆ ಒಳ್ಳೆಯದುಂಟು, ನಡತೆ ಮಾತ್ರ ಸರಿಯಿಲ್ಲ ಎಂಬುದು ಅವರ ವಿಮರ್ಶೆ. ಮಗ ಕಾಣೆಯಾದ ಮೇಲೂ ನೋಡುವುದನ್ನು ಬಿಡಲಿಲ್ಲ. ಮೊದಲಿನಿಂದ ಮತ್ತೆ ನೋಡುತ್ತಿದ್ದರು.

ಕೊನೆಯ ಸೀಸನ್ ಬಂತು. ಹೋಗಬೇಕೋ ಬೇಡವೋ ಎಂದು ನಾವೆಲ್ಲ ಹಿಂದೆಮುಂದೆ ನೋಡುತ್ತಿದ್ದಾಗ ಲವೀನಾಳೇ ಮೊದಲು ಮಹಡಿ ಹತ್ತಿದಳು. "ಅವನಿಗೋಸ್ಕರ ಆದ್ರೂ ನೋಡುವ" ಅಂದಳು. ಕೂತು ನೋಡಿದೆವು. ನೋಡನೋಡುತ್ತ ಎಲ್ಲರ ಮುಖವೂ ಸಪ್ಪಗಾಗುತ್ತ ಬಂತು. ಹಿಂದೆ ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಇಡೀ ಸೀಸನ್ ತೆಗೆದುಕೊಳ್ಳುತ್ತಿದ್ದ ಸೈನ್ಯ ಈಗ ನಮ್ಮೂರ ಹಂಪನಕಟ್ಟೆಯಿಂದ ಜೆಪ್ಪುವಿಗೆ ಹೋದಷ್ಟೇ ಸಲೀಸಾಗಿ ಹೋಗಿಬರುತ್ತಿತ್ತು. ಜನ್ಮಾಂತರದ ವೈರಿಗಳು ಒಂದು ಲೋಟ ಮದ್ಯಕ್ಕೆ ರಾಜಿಯಾದರು. ಬರೆದವರಿಗೆ ಬಸ್ಸು ತಪ್ಪುವ ಅವಸರವಿದ್ದ ಹಾಗೆ.

ಕೊನೆಯ ಕಂತಿಗೆ ಮೊದಲಿನದರಲ್ಲಿ ಯಾರೋ ಸೇನಾಪತಿಯನ್ನು ಕೇಳಿದರು, ನಕ್ಷೆಗಾರ ಎಲ್ಲಿ ಎಂದು. ಸೇನಾಪತಿ ಕುದುರೆ ಹತ್ತುತ್ತಿದ್ದ. ಹತ್ತುತ್ತಲೇ ಹೇಳಿದ, ಅವನನ್ನು ಹಿಮ ನುಂಗಿತು. ಕುದುರೆ ಹೊರಟುಹೋಯಿತು.

ಅಷ್ಟೆ. ಮತ್ತೆ ಅವನ ಹೆಸರೇ ಬರಲಿಲ್ಲ.

ಮುಂದಿನ ವಾರ ಸರಣಿ ಮುಗಿದಾಗ ಕೋಣೆಯಲ್ಲಿ ಎದ್ದ ಗಲಾಟೆಗೆ, ಆಗಲೇ ಸಂಜೆಯ ಚಾ ಕುಡಿಯಲು ಬಂದಿದ್ದ ಕೆಳಗಿನ ಗಿರಾಕಿಗಳು ತಲೆಯೆತ್ತಿ ನೋಡಿದರಂತೆ. ಲೋಕದ ಎಲ್ಲ ಕಡೆ ಆದದ್ದೇ ನಮ್ಮಲ್ಲೂ ಆಯಿತು. ಅರ್ಧ ಜನ ಇದು ಮೋಸ, ನಮ್ಮ ಇಷ್ಟು ವರ್ಷ ನೀರಿಗೆ ಹೋಯಿತು ಅಂದರು. ಅರ್ಧ ಜನ ಬದುಕಿನಲ್ಲಿ ಎಲ್ಲಕ್ಕೂ ಗಂಟು ಹಾಕಲಿಕ್ಕೆ ಆಗ್ತದಾ, ಇದೇ ಸರಿ ಅಂದರು. ಪ್ರವೀಣ ಮೋಸದ ಪಕ್ಷದ ನಾಯಕ. ಸರಣಿಯನ್ನು ಹೊಸದಾಗಿ ಬರೆಯಬೇಕೆಂದು ಅಭಿಮಾನಿಗಳು ಅಂತರ್ಜಾಲದಲ್ಲಿ ಸಹಿ ಸಂಗ್ರಹಿಸುತ್ತಿದ್ದರು. ಅವನು ಮೊಬೈಲು ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರವೂ ಬಂದ. ನಾನು ಹಾಕಿದೆ. ಹೋಟೆಲಿನವನು ಯಾರಿಗೂ ಇಲ್ಲ ಎನ್ನುವುದಿಲ್ಲ ನೋಡಿ. ಅವನು ಲವೀನಾಳ ಮುಂದೆ ನಿಂತು ಹೇಳಿದ:

"ಲವೀನಾ, ನೀನಾದ್ರೂ ಡೆನಿಸನಿಗೋಸ್ಕರ ಹಾಕು. ನಕ್ಷೆಗಾರನನ್ನು ಹೀಗೆ ಒಂದು ಮಾತಿನಲ್ಲಿ ಮುಗಿಸುವುದೆಂದರೆ ಎಂತ ಮಾರಾಯ್ತಿ? ಅವನಿದ್ದಿದ್ರೆ ಸುಮ್ನೆ ಇರ್ತಿದ್ನಾ?"

ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಡೆನಿಸ್ ಹೋದ ದುಃಖಕ್ಕೆ ಅವನಿಗೆ ಸಿಕ್ಕ ದಾರಿ ಅದೊಂದೇ ಇತ್ತೇನೋ. ಲವೀನಾ ಮೊಬೈಲನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿ ವಾಪಸು ಕೊಟ್ಟಳು.

"ನನ್ನದೂ ಒಂದು ಪಿಟಿಷನ್ ಉಂಟು ಪ್ರವೀಣ್. ಯಾರಿಗೆ ಕೊಡುವುದು, ಹೇಳು."

ಪ್ರವೀಣ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ನನಗೆ ಆ ಸೀನು ಸರಿ ಅಂತಲೇ ಕಂಡಿತು" ಎಂದಳು. "ಹಾಗೆಯೇ ಹೇಳುವುದು. ಕುದುರೆ ಹತ್ತುತ್ತಾನೇ ಹೇಳುವುದು. ನನಗೆ ಫೋನು ಮಾಡಿದವರೂ ಹಾಗೆಯೇ ಹೇಳಿದ್ದು." ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಪ್ರವೀಣ ಗುಂಪು ಬಿಟ್ಟ. ಅವನ ಕಡೆಯವರೂ ಬಿಟ್ಟರು. ಆ ಕೋಣೆ ಈಗ ಹುಟ್ಟುಹಬ್ಬದ ಪಾರ್ಟಿಗಳಿಗೆ ಬಾಡಿಗೆಗೆ ಹೋಗುತ್ತದೆ.

ಸರಣಿಯೊಂದು ಮುಗಿದದ್ದಕ್ಕೆ ಗೆಳೆಯರು ಬೇರೆಯಾದರು ಎಂದರೆ ಹುಡುಗಾಟದ ಹಾಗೆ ಕೇಳುತ್ತದೆ. ಆದರೆ ಅದೇ ಬಿರುಕು ಜೆಪ್ಪುವಿನ ಆ ಮನೆಯೊಳಗೂ ಇತ್ತು. ಅಣ್ಣನ ಆತ್ಮಕ್ಕೆ ಇಗರ್ಜಿಯಲ್ಲಿ ಬಲಿಪೂಜೆ, ಸತ್ತವರಿಗಾಗಿ ಫಾದರ್ ಮಾಡುವ ಪ್ರಾರ್ಥನೆ, ಇಡಿಸಬೇಕೆಂದು ಲವೀನಾ. ಇಡಿಸಬಾರದೆಂದು ಸ್ಟೆಲ್ಲಾ ಟೀಚರ್. ನಾನು ಒಮ್ಮೆ ಹೋದಾಗ ಟೀಚರ್ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಅದೇ ಸೀನು. ಕುದುರೆ ಹೋಗುವಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದರು.

"ಸತ್ತ ಅಂತ ಇವರು ಹೇಳುವುದು ಮಾತ್ರ. ಹೆಣ ತೋರಿಸಿದರಾ?"

"ಇಲ್ಲ ಟೀಚರ್."

"ಮತ್ತೆ?"

ಒಳಗಿನಿಂದ ಲವೀನಾಳ ಧ್ವನಿ ಬಂತು. "ಮಮ್ಮಿ, ಅದು ಟೀವಿ. ಸಾಕು ಮಾಡಿ."

"ನೀನು ಸಾಕು ಮಾಡಿದ್ದೀ, ನನಗೆ ಗೊತ್ತುಂಟು. ನಿನಗೆ ಅರ್ಜೆಂಟು" ಎಂದರು ಟೀಚರ್.

ಆ ಮಾತಾದ ಮೇಲೆ ತಾಯಿ ಮಗಳ ನಡುವೆ ಮಾತು ನಿಂತಿತು. ಒಂದೇ ಮನೆ, ಒಂದೇ ಒಲೆ. ನಾನು ಹೋದರೆ ನನ್ನ ಮೂಲಕ ವ್ಯವಹಾರ. "ಅವಳಿಗೆ ಹೇಳು, ಗ್ಯಾಸ್ ಮುಗಿಯಲಿಕ್ಕೆ ಆಯ್ತು." "ಮಮ್ಮಿಗೆ ಹೇಳು, ಬುಕ್ ಮಾಡಿದ್ದೇನೆ." ಇಬ್ಬರೂ ನನ್ನ ಎದುರಿಗೇ, ಒಂದೇ ಕೋಣೆಯಲ್ಲಿ. ಹೀಗೆ ವರ್ಷಗಳೇ ಹೋದವು. ಇಷ್ಟು ದೀರ್ಘ ಮೌನವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಆಮೇಲೆ ಟೀಚರಿಗೆ ಕಾಯಿಲೆ ಬಂತು. ಹೊಟ್ಟೆಯೊಳಗಿನ ಗಡ್ಡೆ, ಗೊತ್ತಾಗುವಾಗ ತಡವಾಗಿತ್ತು. ಲವೀನಾ ಕೆಲಸಕ್ಕೆ ರಜೆ ಹಾಕಿ ತಾಯಿಯ ಪಕ್ಕದಲ್ಲಿ ಕೂತಳು. ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಎಲ್ಲವನ್ನೂ ಹೆಚ್ಚುಕಡಿಮೆ ಮೂಕವಾಗಿಯೇ ಮಾಡುತ್ತಿದ್ದಳು. ನಾನು ಹೋಟೆಲಿನಿಂದ ಗಂಜಿ ಒಯ್ಯುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಹೋದಾಗ ಲವೀನಾ ಮಾತಾಡುತ್ತಿದ್ದಳು. ತಾಯಿಗೆ ಕೊಂಕಣಿಯಲ್ಲಿ ಕಥೆ ಹೇಳುತ್ತಿದ್ದಳು, ಆ ಮನೆಗೆ ಹೋಗಿ ಬಂದು ನನಗೂ ಕೊಂಕಣಿ ಅರ್ಥವಾಗುತ್ತಿತ್ತು. ಸರಣಿಯದೇ ಕಥೆ, ಆದರೆ ಅದರಲ್ಲಿ ಇಲ್ಲದ ಕಥೆ. ಹಿಮ ಕರಗುತ್ತದೆ, ನಕ್ಷೆಗಾರ ಹೇಸರಗತ್ತೆಯ ಹಗ್ಗ ಹಿಡಿದು ಬೆಟ್ಟ ಇಳಿಯುತ್ತಾನೆ, ಗಡ್ಡ ಬೆಳೆದಿದೆ, ಕೋಟೆಯ ಕಾವಲುಗಾರರಿಗೆ ಅವನ ಗುರುತೇ ಸಿಗುವುದಿಲ್ಲ. ರೋಗಿಗಳಿಗೆ ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಪಾಠ ಮಾಡುವವಳು ಅವಳು. ನಾನು ಗಂಜಿಯ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

ಟೀಚರ್ ಕೈ ಎತ್ತಿದರು. ಕ್ಲಾಸಿನಲ್ಲಿ ನಮ್ಮನ್ನು ನಿಲ್ಲಿಸುತ್ತಿದ್ದ ಹಾಗೆಯೇ.

"ಬರುವುದು ಬೇಡ" ಎಂದರು. "ಅವನು ಬರುವುದಿಲ್ಲ ಅಂತ ನನಗೆ ಗೊತ್ತುಂಟು. ಮೊದಲ ದಿನವೇ ಗೊತ್ತಿತ್ತು. ಅವನು ಹೇಗೆ ಹೋದ, ಅದನ್ನು ಹೇಳು. ಯಾರೂ ನನಗೆ ಹೇಳಲಿಲ್ಲ. ನಿಧಾನ ಹೇಳು."

ಲವೀನಾ ತಾಯಿಯ ಹೊದಿಕೆಯನ್ನು ಸರಿಮಾಡಿದಳು. ಮತ್ತೆ ಶುರುಮಾಡಿದಳು. ಅವನು ಬೆಳಿಗ್ಗೆ ಎದ್ದ. ರೊಟ್ಟಿ ತಿಂದ. ಮೊದಲು ಹೇಸರಗತ್ತೆಯ ಹಗ್ಗ ಬಿಚ್ಚಿ ಅದನ್ನು ಊರ ಕಡೆಗೆ ತಿರುಗಿಸಿ ಕಳಿಸಿದ.

"ಚಳಿ ಇತ್ತಾ?"

"ಇತ್ತು ಮಮ್ಮಿ. ಮೊದಲು ಕಾಲಿಗೆ. ಆಮೇಲೆ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಗುವುದಿಲ್ಲ."

"ಹೆದರಿದನಾ?"

"ಸ್ವಲ್ಪ. ಸ್ವಲ್ಪ ಹೊತ್ತು ಮಾತ್ರ."

"ಯಾರನ್ನಾದ್ರೂ ಕರೆದನಾ?"

"ಕರೆದ."

ಯಾರನ್ನು ಎಂದು ಟೀಚರ್ ಕೇಳಲಿಲ್ಲ. ಲವೀನಾ ಹೇಳುತ್ತ ಹೋದಳು. ಆಕಾಶ ಹೇಗಿತ್ತು, ಸದ್ದೆಲ್ಲ ಹೇಗೆ ದೂರವಾಯಿತು, ಕಣ್ಣು ಮುಚ್ಚುವ ಮೊದಲು ಅವನಿಗೆ ಏನು ನೆನಪಾಯಿತು. ಹಿಮ ಎಂದು ಶುರುಮಾಡಿದವಳು ನಡುವೆ ಎಲ್ಲೋ ನೀರು ಎಂದಳು. ನಮ್ಮ ಒಂದು ಅಕ್ಷರದ ತಪ್ಪನ್ನೂ ಬಿಡದ ಸ್ಟೆಲ್ಲಾ ಟೀಚರ್ ಅದನ್ನು ತಿದ್ದಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದಾಗ ಮಗಳ ಮಣಿಕಟ್ಟನ್ನು ಹಿಡಿದುಕೊಂಡು, "ಹಾಂ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಫಾದರ್ ಹತ್ತಿರ ಪೂಜೆಗೆ ಹೇಳು" ಎಂದರು. ಗಂಜಿ ತಣ್ಣಗಾಗಿತ್ತು. ಅದನ್ನು ಬಿಸಿಮಾಡುವ ನೆಪದಲ್ಲಿ ನಾನು ಅಡುಗೆಮನೆಗೆ ಹೋಗಿ, ಒಲೆ ಹಚ್ಚದೆ ನಿಂತಿದ್ದೆ.

ಪೂಜೆಯ ದಿನ ಟೀಚರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆವು. ಪ್ರವೀಣನೂ ಬಂದಿದ್ದ, ಹಿಂದಿನ ಕಂಬದ ಹತ್ತಿರ ನಿಂತು ಅಳುತ್ತಿದ್ದ. ಟೀಚರ್ ಅಳಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅವರೂ ಹೋದರು. ಲವೀನಾ ಈಗಲೂ ಆ ಮನೆಯಲ್ಲೇ ಇದ್ದಾಳೆ, ಪಾಠ ಮಾಡುತ್ತಾಳೆ. ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ.

ಕಳೆದ ತಿಂಗಳು ನಮ್ಮ ಹೋಟೆಲಿನಲ್ಲಿ ಮೀನು ಕಾಯಿಸುತ್ತಿದ್ದ ವಾಮನಣ್ಣ ಕೆಲಸದ ನಡುವೆಯೇ ಕುಸಿದು ಬಿದ್ದರು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಅವರ ಹೆಂಡತಿ ಗಿರಿಜಕ್ಕ ಓಡಿಬಂದಾಗ ಅಲ್ಲಿಯ ಡಾಕ್ಟರು ಹಾರ್ಟ್ ಅಟ್ಯಾಕು ಎಂದಷ್ಟೇ ಹೇಳಿ ಇನ್ನೊಬ್ಬ ರೋಗಿಯ ಕಡೆಗೆ ಹೋದರು. ಅವರ ತಪ್ಪಲ್ಲ, ಅಲ್ಲಿ ಜನ ಹಾಗೆ ತುಂಬಿದ್ದರು. ಮೊದಲಿನ ನಾನಾಗಿದ್ದರೆ ಮಣ್ಣಿಗೆ ಹೋಗಿ ಕೈಮುಗಿದು ಬರುತ್ತಿದ್ದೆ. ಈ ಸಲ, ಕಾರ್ಯಗಳೆಲ್ಲ ಮುಗಿದ ಮೇಲೆ, ಫೆರಿ ಹತ್ತಿ ಹೊಳೆಯಾಚೆ ಬೆಂಗ್ರೆಯ ಅವರ ಮನೆಗೆ ಹೋದೆ. ಅಂಗಳದಲ್ಲಿ ಬಲೆ ಒಣಗುತ್ತಿತ್ತು. ಗಿರಿಜಕ್ಕ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಚಾ ಮಾಡುತ್ತೇನೆಂದು ಏಳಹೋದರು, ಬೇಡವೆಂದೆ.

"ಧಣಿ, ನೀವು ಆವತ್ತು ಅಲ್ಲಿಯೇ ಇದ್ದಿರಲ್ಲ" ಎಂದರು.

"ಇದ್ದೆ ಗಿರಿಜಕ್ಕ."

"ಬೆಳಿಗ್ಗೆ ಎಂತಾದ್ರೂ ತಿಂದಿದ್ರಾ? ಮನೆಯಲ್ಲಿ ಏನೂ ತಿನ್ನದೆ ಹೋಗಿದ್ರು."

"ತಿಂದಿದ್ರು. ಬನ್ಸ್ ತಿಂದ್ರು. ಚಾ ಕುಡಿದ್ರು. ಬಂಗುಡೆ ಇವತ್ತು ಒಳ್ಳೆದುಂಟು ಅಂತ ನನ್ನನ್ನು ಕರೆದು ತೋರಿಸಿದ್ರು."

ಅವರು ತಲೆಯಾಡಿಸಿದರು. ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಮತ್ತೆ?"

ಸಂಜೆಯ ಫೆರಿಗೆ ಇನ್ನೂ ಹೊತ್ತಿತ್ತು. ನಾನು ಚಪ್ಪಲಿ ಕಳಚಿ ಜಗಲಿಯ ಮೇಲೆ ಸರಿಯಾಗಿ ಕೂತುಕೊಂಡು ಹೇಳತೊಡಗಿದೆ.