ಏಣಿ ಏರಿದ ನಡುವಿನಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಬ್ಬಿಣದ ಪೈಪು ತಯಾರಿಸುವ ಕಾರ್ಖಾನೆಯ ಗೇಟಿನ ಬಳಿ ಸ್ವೆಟರಿನ ತೋಳು ಎಳೆದುಕೊಳ್ಳುತ್ತ ಹೆಂಗಸೊಬ್ಬರು ನಿಂತಿದ್ದಾರೆ. ಬೆಳಗಿನ ಪಾಳಿಯವರು ಸೈಕಲ್ಲು, ಬೈಕು ತಳ್ಳಿಕೊಂಡು ಒಳಬರುತ್ತಿದ್ದಾರೆ. “ಏನಪ್ಪಾ, ಮಗೂಗೆ ಜ್ವರ ಬಿಡ್ತಾ?” ಎಂದು ಒಬ್ಬನನ್ನು ಕೇಳುತ್ತಾರೆ. “ಯಾಕೆ ಕಾಲೆಳೀತಿದೀಯ?” ಎಂದು ಇನ್ನೊಬ್ಬನನ್ನು ತಡೆಯುತ್ತಾರೆ. ಹಾಜರಿಯನ್ನು ಯಂತ್ರವೇ ಹಾಕಿಕೊಳ್ಳುತ್ತದೆ. ಆದರೂ ಇವರು ದಿನಾ ಬಂದು ನಿಲ್ಲುತ್ತಾರೆ. “ಮುಖ ನೋಡಿಬಿಟ್ರೆ ಅರ್ಧ ಕೆಲಸ ಮುಗೀತು. ಮಧ್ಯಾಹ್ನ ಯಾರು ಜಗಳ ತೆಗೀತಾರೆ ಅಂತ ಬೆಳಿಗ್ಗೇನೇ ಗೊತ್ತಾಗುತ್ತೆ” ಎಂದು ನಗುತ್ತಾರೆ.

ಇವರ ಹುದ್ದೆಯ ಹೆಸರು ಮಾನವ ಸಂಪನ್ಮೂಲ ಅಧಿಕಾರಿ. ಕಾರ್ಮಿಕರ ಬಾಯಲ್ಲಿ ಮಾತ್ರ ‘ನಡುವಿನಕ್ಕ’. ಯಜಮಾನರ ಸಿಟ್ಟು ಕೆಳಗಿಳಿಯುವುದೂ ಕಾರ್ಮಿಕರ ಗೊಣಗಾಟ ಮೇಲೇರುವುದೂ ಇವರ ಮೂಲಕವೇ. “ಎರಡನ್ನೂ ಸ್ವಲ್ಪ ಆರಿಸಿ ಕೊಡ್ತೀನಿ, ಅಷ್ಟೆ. ಬಿಸಿಬಿಸಿ ಕೊಟ್ರೆ ಬಾಯಿ ಸುಡುತ್ತೆ.”

ಇವರ ಅಪ್ಪ ಬಟ್ಟೆ ಗಿರಣಿಯಲ್ಲಿದ್ದರು. ಒಂದು ಬೆಳಿಗ್ಗೆ ಗೇಟಿನಲ್ಲೇ ತಡೆದು, ಇನ್ನು ಬರಬೇಡ ಎಂದರಂತೆ. ಯಾಕೆ ಎಂದು ಕೇಳೋಣವೆಂದರೆ ಯಾರೂ ಸಿಗಲಿಲ್ಲ. “ಸಾಯೋವರೆಗೂ ಅದನ್ನೇ ಹೇಳ್ತಿದ್ರು. ಕೆಲಸ ಹೋಗಿದ್ದು ಹಾಗಿರ್ಲಿ, ಒಬ್ರೂ ನನ್ನ ಮಾತಾಡಿಸ್ಲಿಲ್ವಲ್ಲ ಅಂತ.” ಮಗಳು ಇದೇ ಕಾರ್ಖಾನೆಗೆ ಟೈಪಿಸ್ಟಾಗಿ ಸೇರಿ, ಸಂಜೆ ಕಾಲೇಜಿನಲ್ಲಿ ಓದಿ ಈ ಕುರ್ಚಿಗೆ ಬಂದರು.

ಕುರ್ಚಿ ಮೆತ್ತಗಿಲ್ಲ. ಹೋದ ವರ್ಷ ಹಳೆಯ ಕ್ರೇನ್ ಚಾಲಕ ಮೇಲಿಂದ ಮೇಲೆ ರಜೆ ಹಾಕತೊಡಗಿದ. ಕೇಳಿದರೆ ಬೆನ್ನುನೋವು ಎನ್ನುತ್ತಿದ್ದ. ಒಂದು ದಿನ ಅವನು ಎತ್ತಿದ ಪೈಪಿನ ಕಟ್ಟು ಗೋಡೆಗೆ ತಗುಲಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. “ಕುಡಿದು ಬರ್ತಿದಾನೆ. ಕಳಿಸಿಬಿಡಿ” ಎಂದರು ಯಜಮಾನರು.

ಸ್ಟೂಲಿನ ಮೇಲೆ ನಿಂತರೂ ತಲೆತಿರುಗುವ ನಡುವಿನಕ್ಕ, ಮರುದಿನ ಅವನ ಹಿಂದೆಯೇ ಕ್ರೇನಿನ ಏಣಿ ಹತ್ತಿದರು. ಕೆಳಗೆ ನೋಡದೆ, ಕಂಬಿಯನ್ನು ಗಟ್ಟಿಯಾಗಿ ಹಿಡಿದು. ಚಾಲಕನ ಪುಟ್ಟ ಗೂಡಿನಲ್ಲಿ ಅವನ ಪಕ್ಕಕ್ಕೆ ಒತ್ತಿಕೊಂಡು ಕೂತರು. ಎಡಕ್ಕೆ ನೋಡಬೇಕಾದಾಗೆಲ್ಲ ಅವನು ಇಡೀ ಕತ್ತನ್ನೇ ಹೊರಳಿಸುತ್ತಿದ್ದ. “ಮುಂದೆ ನೋಡ್ಕೊಂಡೇ ಹೇಳು, ಎಡಗಡೆ ಯಾರು ನಿಂತಿದಾರೆ?” ಎಂದು ಕೇಳಿದರು. ಅಲ್ಲಿ ಇಬ್ಬರು ನಿಂತಿದ್ದರು. ಅವರು ಕಾಣದೆ ಅವನು ಹಿಡಿಕೆಯಿಂದ ಕೈ ತೆಗೆದ.

“ಅಕ್ಕಾ, ಯಾರಿಗೂ ಹೇಳ್ಬೇಡಿ. ನನಗೆ ಬರೋದು ಇದೊಂದೇ ಕೆಲಸ.”

“ಈಗಲೇ ಕ್ರೇನ್ ನಿಲ್ಸು. ಯಜಮಾನ್ರಿಗೆ ನೀನೇ ಹೇಳು, ನಾನು ಪಕ್ಕದಲ್ಲಿರ್ತೀನಿ. ನೀನು ಹೇಳ್ದಿದ್ರೆ ನಾನೇ ಹೇಳ್ತೀನಿ.”

ಅವನೇ ಹೇಳಿದ. ಯಜಮಾನರು ಮೇಜು ಗುದ್ದಿದರು. “ಇಷ್ಟು ದಿನ ಕಣ್ಣು ಕಾಣ್ದೇನೇ ನಡೆಸ್ತಿದ್ನಾ? ಯಾರಾದ್ರೂ ಸತ್ತಿದ್ರೆ?” ನಡುವಿನಕ್ಕ ಅವರ ಸಿಟ್ಟು ಇಳಿಯಲೆಂದು ಕಾದು, ಆಮೇಲೆ ಮೆಲ್ಲಗೆ ಅಂದರು: “ತಪ್ಪೇ ಸರ್. ಆದ್ರೆ ನಿಜ ಹೇಳಿದ್ದಕ್ಕೆ ಕೆಲಸ ಹೋಯ್ತು ಅಂತಾದ್ರೆ, ನಾಳೆ ಇನ್ಯಾರೂ ನಿಮಗೆ ನಿಜ ಹೇಳೋಲ್ಲ.”

ಕಣ್ಣಂಚಿನ ನೋಟ ಹೋಗಿದೆ, ಅದು ಮರಳುವುದಿಲ್ಲ ಎಂದರು ವೈದ್ಯರು. ಇದ್ದಷ್ಟಾದರೂ ಉಳಿಯಲೆಂದು ಔಷಧ ಕೊಟ್ಟರು. ಯಜಮಾನರು ಬಹಳ ದಿನ ಬಿಗುಮಾನದಲ್ಲಿದ್ದು, ಕೊನೆಗೆ ಅವನಿಗೆ ಹೊಸ ಚಾಲಕರಿಗೆ ಕಲಿಸುವ ಕೆಲಸ ಕೊಟ್ಟರು. ಗಂಡನ ಕ್ರೇನಿನ ಕೆಲಸ ಹೋಯಿತೆಂದು ಚಾಲಕನ ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. ಇವರು ಮನೆಗೆ ಮಾತಾಡಿಸಲು ಹೋದರೆ ಬಾಗಿಲಲ್ಲೇ ನಿಲ್ಲಿಸಿ, “ಅವತ್ತು ನೀವು ಯಾರ ಕಡೆ ಇದ್ರಿ?” ಎಂದಳು.

“ಕ್ರೇನಿನ ಕೆಳಗೆ ನಿಂತಿದ್ದೋರ ಕಡೆ ಕಣಮ್ಮ” ಎಂದು ಹೇಳಿ ನಡುವಿನಕ್ಕ ತಿರುಗಿ ಬಂದರು. ಆ ರಾತ್ರಿ ಊಟ ಸೇರಲಿಲ್ಲ ಎಂದು ಅವರ ಗಂಡ ಹೇಳುತ್ತಾರೆ. ಈಗ ಸಂತೆಯಲ್ಲಿ ಎದುರಾದರೆ ಆ ಹೆಂಗಸು ತಲೆಯಾಡಿಸುವಷ್ಟರ ಮಟ್ಟಿಗೆ ಬಂದಿದ್ದಾಳೆ. ಚಾಲಕನಂತೂ ಶಿಷ್ಯರನ್ನು ಕೆಳಗಿನಿಂದಲೇ ಗಂಟಲು ಹರಿಯುವಂತೆ ಬೈಯುತ್ತಾನೆ. ಅವನ ಮೇಲೆ ದೂರು ಬಂದರೆ ಕೇಳಬೇಕಾದವರೂ ಇವರೇ.

ಮನೆಯಲ್ಲಿ ಅತ್ತೆಗೂ ಮಗಳಿಗೂ ಜಟಾಪಟಿ ಶುರುವಾದರೆ ಇಬ್ಬರೂ ಇವರ ಹತ್ತಿರವೇ ಓಡಿಬರುತ್ತಾರೆ. “ಆಫೀಸು ಮುಚ್ಚಿದೆ” ಎಂದು ಇವರು ಸೆರಗು ಹೊದ್ದು ಮಲಗಿಬಿಡುತ್ತಾರಂತೆ.

ನಿಮಗೆ ಕಾರ್ಖಾನೆಯಿಂದ ಏನು ಬೇಕು ಎಂದು ಕೇಳಿದರೆ ಬಡ್ತಿಯ ಮಾತೇ ಬರುವುದಿಲ್ಲ. ತಮ್ಮ ಕೋಣೆಯ ಗಾಜಿನ ಬಾಗಿಲಿನತ್ತ ಕೈ ತೋರಿಸುತ್ತಾರೆ. “ಇದನ್ನ ತೆಗೆದು ಒಂದು ಮರದ ಬಾಗಿಲು ಹಾಕ್ಸಿಕೊಟ್ರೆ ಸಾಕು. ಇಲ್ಲಿ ಕೂತು ಯಾರಾದ್ರೂ ಅತ್ರೆ ಹೊರಗಿನೋರಿಗೆ ಕಾಣ್ಬಾರ್ದು.”