ರಕ್ತ ಕೊಡಲು ಜೊತೆಗೆ ಬಂದ ಕಾಕು

ಕಾಕುವಿನ ಎಡಗೈಯ ಒಳಬದಿಗೆ ತುಂಬ ಹಚ್ಚೆಯಿತ್ತು. ಮೊಣಕೈಯಿಂದ ಮುಂಗೈತನಕ ಹಸಿರು ಚುಕ್ಕೆ, ಬಳ್ಳಿ, ನಡುವೆ ಒಂದು ತೊಟ್ಟಿಲು. ರಕ್ತ ತೆಗೆಯುವವನು ರಬ್ಬರು ಪಟ್ಟಿ ಬಿಗಿದು, ಆ ಹಸಿರಿನ ಕೆಳಗೆ ನರ ಹುಡುಕಿ ಸೋತು, ಮರಾಠಿಯಲ್ಲಿ ಏನೋ ಗೊಣಗುತ್ತಿದ್ದ. ಅವಳು ಪಕ್ಕದ ಬೆಂಚಿನಲ್ಲಿ ಕೂತಿದ್ದ ನನ್ನ ಕಡೆ ತಿರುಗಿದಳು.

"ಸಣ್ಣಾಕಿದ್ದಾಗ ನಮ್ಮವ್ವ ಹಾಕಿಸಿದ್ಲು ತಂಗಿ. ಮುಂದ ಇವಂಗ ಅಡ್ಡ ಬರ್ತೈತಿ ಅಂತ ಆಕೀಗೆ ಹೆಂಗ ಗೊತ್ತಿರಬೇಕು, ಹೇಳು?"

ನಾನು ನಕ್ಕುಬಿಟ್ಟೆ. ಕರುಳಿನ ಆಪರೇಶನ್ ಆದಮೇಲೆ ನಾನು ನಕ್ಕದ್ದು ಅದೇ ಮೊದಲು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಭೋಜದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ನಲವತ್ತೂ ತುಂಬಿರಲಿಲ್ಲ. ಮಗಳು ಇನ್ನೂ ಶಾಲೆಯ ಎರಡನೇ ಇಯತ್ತೆ ಕಲಿಯುತ್ತಿದ್ದಳು. ಮಿರಜದ ಆಸ್ಪತ್ರೆಯೊಂದರಲ್ಲಿ ನನ್ನ ದೊಡ್ಡಕರುಳಿನ ಗಡ್ಡೆ ತೆಗೆದಿದ್ದರು. ಕಾಕು ಬೇಡಕಿಹಾಳದ ಜೈನ ರೈತರ ಮನೆಯವಳು, ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವಳು. ಅದೇ ಡಾಕ್ಟರರು ಅವಳಿಗೂ ಅದೇ ರೋಗಕ್ಕೆ ಕತ್ತರಿ ಹಾಕಿದ್ದರು. ಅಲ್ಲಿದ್ದವರೆಲ್ಲ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಾನೂ ಹಾಗೇ ಅಂದೆ.

ಗಡ್ಡೆ ತೆಗೆದರೂ ರೋಗ ಮತ್ತೆ ಮೊಳೆಯಬಹುದು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಅದು ಮೊಳೆಯುವುದನ್ನು ಬೇಗ ತಿಳಿಯಲು ರಕ್ತದ ಒಂದು ಪರೀಕ್ಷೆಯಿತ್ತು. ಸಿ.ಇ.ಎ. ಅನ್ನುತ್ತಿದ್ದರು. ಈ ಜಾತಿಯ ಗಡ್ಡೆ ರಕ್ತದೊಳಗೆ ಒಂದು ಪದಾರ್ಥ ಬಿಡುತ್ತದೆ, ಆಪರೇಶನ್ ಆದಮೇಲೆ ಅದು ಇಳಿಯಬೇಕು, ಮತ್ತೆ ಏರತೊಡಗಿದರೆ ಒಳಗೆಲ್ಲೋ ರೋಗ ತಲೆ ಎತ್ತಿದೆ ಎಂದು ಅರ್ಥ. ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಡಬೇಕು. ಅದನ್ನು ಮುಂಬೈಗೆ ಕಳಿಸುತ್ತಿದ್ದರು. ಫಲಿತಾಂಶ ಕೇಳಲು ಮತ್ತೊಮ್ಮೆ ಹೋಗಬೇಕು.

ಕಾಕು ಅದಕ್ಕೆ ಪರೀಕ್ಷೆ ಅನ್ನುತ್ತಿರಲಿಲ್ಲ. "ಚಾಡಿ" ಅನ್ನುತ್ತಿದ್ದಳು. "ಈ ಸಲ ನಮ್ಮ ರಕ್ತ ಏನ ಚಾಡಿ ಹೇಳ್ತೈತೋ ನೋಡೂಣು ನಡಿ."

ಡಾಕ್ಟರರಿಗೆ ಹೇಳಿ ಇಬ್ಬರ ತಾರೀಖನ್ನೂ ಒಂದೇ ದಿನಕ್ಕೆ ಹಾಕಿಸಿದವಳು ಅವಳೇ. ಚಿಕ್ಕೋಡಿಯಲ್ಲಿ ಕೂಡಿಕೊಂಡು, ಕಾಗವಾಡದ ಮೇಲೆ ಹೋಗುವ ಮಿರಜದ ಬಸ್ಸು ಹತ್ತುತ್ತಿದ್ದೆವು. ಮೊದಲ ಸಲ ಬಸ್ಸಿನಲ್ಲಿ ಅವಳು ಬುತ್ತಿ ಬಿಚ್ಚಿದಾಗ ನಾನು ನನ್ನ ಡಬ್ಬಿ ಚೀಲದಿಂದ ತೆಗೆಯಲಿಲ್ಲ. ನಮ್ಮದು ದಲಿತರ ಕೇರಿ, ಬುದ್ಧವಿಹಾರದ ಓಣಿ. ನಮ್ಮ ಮನೆಯ ಡಬ್ಬಿಯನ್ನು ಯಾರ ಮುಂದೆ ತೆರೆಯಬೇಕು, ಯಾರ ಮುಂದೆ ತೆರೆಯಬಾರದು ಅನ್ನುವುದು ಸಣ್ಣವಳಿದ್ದಾಗಿನಿಂದ ರೂಢಿಯಾಗಿತ್ತು.

"ಯಾಕ, ಹಸಿವಿಲ್ಲೇನು?"

"ಮುಂಜಾನೆ ಉಂಡ ಬಂದೀನ್ರಿ ಕಾಕು. ನಮ್ಮದರಾಗ ಉಳ್ಳಾಗಡ್ಡಿನೂ ಐತಿ, ನಿಮಗ ನಡ್ಯೂದಿಲ್ಲ."

ಅವಳು ನನ್ನನ್ನೇ ನೋಡಿದಳು. ನಾನು ಹೇಳದೆ ಬಿಟ್ಟದ್ದು ಅವಳಿಗೆ ತಿಳಿದಿತ್ತು. "ಉಳ್ಳಾಗಡ್ಡಿ ನಡ್ಯೂದಿಲ್ಲ ಖರೇ," ಎಂದಳು. "ಮುಂದಿನ ಸಲ ಉಳ್ಳಾಗಡ್ಡಿ ಹಾಕದ ಪಲ್ಯ ಮಾಡ್ಕೊಂಡ ಬಾ. ಇಬ್ಬರೂ ಹೊಟ್ಟಿ ಕೊಯ್ಸಿಕೊಂಡೇವಿ. ಇನ್ನ ನಮ್ಮ ನಡುವ ಎಂಥಾ ಮಡಿ?"

ಮುಂದಿನ ಸಲ ನಾನು ಹೀರೇಕಾಯಿ ಪಲ್ಯ ಒಯ್ದೆ. ಎಷ್ಟೋ ಎಚ್ಚರದಿಂದ ಮಾಡಿದ್ದೆ. ಅವಳು ತಿಂದು, ಬೆರಳು ನೆಕ್ಕಿ, "ಉಪ್ಪು ಕಮ್ಮಿ ಬಿತ್ತು" ಎಂದಳು. ಅಷ್ಟು ಸಲೀಸಾಗಿ ನನ್ನ ಅಡುಗೆಯನ್ನು ನಮ್ಮ ಓಣಿಯ ಹೊರಗಿನವರು ಯಾರೂ ಹಳಿದಿರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅವಳು ಖಾರ ಹೆಚ್ಚಾಗಿದೆ ಎಂದುಕೊಂಡು ನೀರಿನ ತಂಬಿಗೆ ಕೊಟ್ಟಳು.

ಹೊತ್ತು ಮುಳುಗಿದ ಮೇಲೆ ಅವಳು ಏನೂ ತಿನ್ನುತ್ತಿರಲಿಲ್ಲ. ಸಂಜೆಯಾದರೆ ಬಸ್ಸಿನ ಕಿಟಕಿಯಿಂದ ಹೊರಗೆ ಇಣುಕಿ ಸೂರ್ಯ ಎಲ್ಲಿದ್ದಾನೆ ನೋಡುವಳು, ಚೂರು ಬೆಲ್ಲ, ಶೇಂಗಾ ನನ್ನ ಕೈಗೂ ಹಾಕುವಳು. ಚಾಡಿ ಇಲ್ಲ ಎಂದು ಡಾಕ್ಟರರು ಹೇಳಿದ ದಿನ ಮಿರಜದ ಬಜಾರದಲ್ಲಿ ಹೊಸ ಬಳೆ ಇಡಿಸಿಕೊಳ್ಳುವಳು, ನನಗೂ ಇಡಿಸುವಳು. ಫಲಿತಾಂಶಕ್ಕೆ ಕಾಯುವಾಗ ನಾನು ಹೆದರಿಕೊಂಡರೆ, ಕಬ್ಬಿನ ಗಾಣದ ಸುದ್ದಿ, ಎಮ್ಮೆಯ ಸುದ್ದಿ, ಸೊಸೆ ಕುಕ್ಕರಿಗೆ ಹೆದರುವ ಸುದ್ದಿ ತೆಗೆಯುವಳು. ಅವಳಿಗೆ ಹೆದರಿಕೆ ಇರಲಿಲ್ಲವೆಂದಲ್ಲ. ಡಾಕ್ಟರರ ಖೋಲಿಯ ಬಾಗಿಲು ತೆರೆದಾಗ ಪ್ರತಿ ಸಲವೂ ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು. ಅವಳ ರಕ್ತ ಯಾವಾಗಲೂ ನನ್ನದಕ್ಕಿಂತ ಚೊಕ್ಕ. "ಬರೇ ಬೇಳಿಸಾರು ಉಂಡ ರಕ್ತ ತಂಗಿ, ಅದಕ್ಕ" ಎಂದು ಚೇಷ್ಟೆ ಮಾಡುವಳು.

ಆಮೇಲೆ ಅವಳು ಸೊರಗತೊಡಗಿದಳು. ಬಲಗಡೆ ಪಕ್ಕೆಯಲ್ಲಿ ನೋವು. ಕಬ್ಬಿನ ರವದಿ, ಒಣಗಿದ ಗರಿ, ಸುಲಿದದ್ದಕ್ಕೆ ಹಿಡಿದಿದೆ ಎಂದು ಎಣ್ಣೆ ತಿಕ್ಕಿಸಿಕೊಂಡಳು. ಆ ಸಲದ ರಕ್ತವೂ ಚೊಕ್ಕವೇ ಬಂತು. ಆದರೆ ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿದವರೇ ಸ್ಕ್ಯಾನಿಂಗ್ ಮಾಡಿಸಿದರು. ರೋಗ ಪಿತ್ತಜನಕಾಂಗದ ತುಂಬ ಹರಡಿತ್ತು.

"ರಕ್ತದಾಗ ಏನೂ ಇಲ್ಲ ಅಂದ್ರಲ್ರಿ!" ನಾನು ಕೂಗಿಯೇ ಬಿಟ್ಟೆ.

ಡಾಕ್ಟರರು ನಿಧಾನವಾಗಿ ಹೇಳಿದರು. "ಎಲ್ಲರ ಗಡ್ಡೀನೂ ರಕ್ತಕ್ಕ ಸುಳಿವು ಬಿಡೂದಿಲ್ಲ ಅಕ್ಕಾರ. ಇವರದು ಬಿಡಲಿಲ್ಲ. ಈ ಪರೀಕ್ಷಾ ಕೆಲವರಿಗೆ ದಾರಿ ತೋರಿಸ್ತೈತಿ, ಕೆಲವರಿಗೆ ಇಲ್ಲ."

ಕಾಕು ಸೆರಗು ಬಿಟ್ಟು ಎದ್ದಳು. "ನಡಿ ತಂಗಿ, ಬಸ್ ತಪ್ಪತೈತಿ."

ಮುಂದಿನ ತಾರೀಖಿಗೆ ನಾನು ಮಿರಜಕ್ಕೆ ಹೋಗಲಿಲ್ಲ. ಮನೆಯವರು ಹೋಗೆಂದು ಹೇಳಿದರು, ನಾನು ಕೇಳಲಿಲ್ಲ. ಅಂಥ ಹೆಂಗಸನ್ನು ಎರಡು ವರ್ಷ ನಂಬಿಸಿ ಕೈಬಿಟ್ಟ ಪರೀಕ್ಷೆಯನ್ನು ನಾನು ಯಾಕೆ ನಂಬಬೇಕು? ಸಿಟ್ಟಿನ ಕೆಳಗೆ ದೊಡ್ಡ ಹೆದರಿಕೆಯೂ ಇತ್ತು. ಅವಳಿಲ್ಲದೆ ಆ ಬೆಂಚಿನ ಮೇಲೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಬಿಟ್ಟ ಹೊತ್ತಿಗೆ, ಶಾಲೆಯ ಮುಂದೆ ಎತ್ತಿನ ಗಾಡಿ ಬಂದು ನಿಂತಿತು. ಹೊಡೆಯುತ್ತಿದ್ದವರು ಅವಳ ಯಜಮಾನರು. ಹಿಂದೆ ಗಾದಿಯ ಮೇಲೆ ಕಾಕು ಮಲಗಿದ್ದಳು. ಮುಖ ಅರಿಸಿನವಾಗಿತ್ತು. ನಾನು ಓಡಿ ಹೋದೆ.

"ಇಂಥಾ ಬಿಸಲಾಗ ಯಾಕ ಬಂದ್ರಿ ಕಾಕು?"

"ತಾರೀಖ ತಪ್ಪಿಸಿದಿ ಅಂತಲ್ಲ?"

ಅವಳು ಗಾಡಿಯ ಪಟ್ಟಿ ಹಿಡಿದು ಎದ್ದು ಕೂರಲು ನೋಡಿದಳು. ಕೈ ಕೊಟ್ಟೆ. ತೂಕವೇ ಇರಲಿಲ್ಲ.

"ನನ್ನ ರಕ್ತ ಬಾಯಿ ಬಿಡಲಿಲ್ಲ, ಖರೇ. ನಿಂದೂ ಬಿಡೂದಿಲ್ಲ ಅಂತ ಯಾರ ಹೇಳಿದ್ರು ನಿಂಗ?"

"ಅದರ ಮ್ಯಾಲ ನಂಗ ನಂಬಿಕಿ ಉಳಿದಿಲ್ರಿ."

"ನಂಬಬ್ಯಾಡ. ಹೋಗಿ ಕೊಟ್ಟ ಬಾ." ಅವಳಿಗೆ ದಮ್ಮು ಹತ್ತಿತು. ಸುಧಾರಿಸಿಕೊಂಡು ಮತ್ತೆ ಹೇಳಿದಳು. "ನನ್ನ ಸಲುವಾಗಿ ಸಿಟ್ಟಾಗಿದಿ. ನಂಗ ಒಳಗ ಹಿತಾನೂ ಅನಿಸೈತಿ, ಸುಳ್ಳ ಯಾಕ ಹೇಳ್ಲಿ. ಆದ್ರ ಆ ಸಿಟ್ಟಿನಾಗ ನೀ ಸಾಯಬ್ಯಾಡ. ನಿನ್ನ ಕೂಸು ಇನ್ನೂ ಸಣ್ಣದೈತಿ. ನಾಳಿ ನಾನೂ ಬರ್ತೀನಿ."

ಅವಳ ಯಜಮಾನರು ಮಾತು ಕಡಿಮೆಯವರು. ಎತ್ತಿನ ಕೊರಳು ತಿಕ್ಕುತ್ತ ಮುಖ ಆಚೆ ತಿರುಗಿಸಿದರು. ಬೇಡ ಎಂದು ಮನೆಯಲ್ಲಿ ಹೇಳಿ ಹೇಳಿ ಅವರಿಗೆ ಸಾಕಾಗಿತ್ತೆಂದು ತೋರುತ್ತಿತ್ತು.

ಅವಳು ಬಂದಳು. ಚಿಕ್ಕೋಡಿಯಿಂದ ಮಿರಜದತನಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ರಸ್ತೆಯ ತೆಗ್ಗು ಬಂದಾಗೊಮ್ಮೆ ಹಲ್ಲು ಕಚ್ಚುವಳು, ಕೂಗುತ್ತಿರಲಿಲ್ಲ. ಕೃಷ್ಣೆಯ ಸೇತುವೆ ಬಂದಾಗ, "ನೀರ ಬಂದೈತೇನು?" ಎಂದು ಕೇಳಿದಳು. ತುಂಬಿ ಹರಿಯುತ್ತಿದೆ ಎಂದೆ. "ಚಲೋ ಆತು, ಕಬ್ಬಿಗೆ" ಎಂದಳು. ನಾನು ರಕ್ತ ಕೊಡುವಾಗ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ನನ್ನ ಇನ್ನೊಂದು ಕೈ ಹಿಡಿದುಕೊಂಡಿದ್ದಳು. ಅವಳ ಕೈಗೆ ಸೂಜಿ ಚುಚ್ಚುವುದು ಆ ದಿನ ಯಾರಿಗೂ ಬೇಕಿರಲಿಲ್ಲ.

ಫಲಿತಾಂಶ ಬಂತು. ನನ್ನದು ಏರಿತ್ತು. ನನಗೆ ನೋವಿರಲಿಲ್ಲ, ಸಂಕಟವಿರಲಿಲ್ಲ, ಹಸಿವೂ ಚೆನ್ನಾಗಿತ್ತು. ಆದರೂ ಸ್ಕ್ಯಾನಿಂಗಿನಲ್ಲಿ ಪಿತ್ತಜನಕಾಂಗದ ಅಂಚಿಗೆ ಒಂದೇ ಒಂದು ಸಣ್ಣ ಗಡ್ಡೆ ಕಾಣಿಸಿತು. "ಒಂದೇ ಐತಿ, ಅಂಚಿಗೈತಿ. ಈಗ ತೆಗೀಬಹುದು. ಇನ್ನ ತಡ ಆಗಿದ್ರ ಹೇಳಾಕ ಬರತಿರಲಿಲ್ಲ" ಎಂದರು ಡಾಕ್ಟರರು. ಮುಂಬೈಗೆ ಕಳಿಸಿದರು. ಅಲ್ಲಿ ಆಪರೇಶನ್ ಆಯಿತು.

ತಿರುಗಿ ಬಂದಮೇಲೆ ನಾನು ಮೊದಲು ಹೋದದ್ದು ಬೇಡಕಿಹಾಳಕ್ಕೆ. ಕಾಕು ಪಡಸಾಲೆಯಲ್ಲಿ ಮಲಗಿದ್ದಳು. ಮಾತು ಪಿಸುಗುಟ್ಟಿದಂತೆ ಬರುತ್ತಿತ್ತು. ಹೊಲಿಗೆ ತೋರಿಸೆಂದಳು. ತೋರಿಸಿದೆ. ಬೆರಳು ಮುಟ್ಟಿಸದೆ, ಹೊಲಿಗೆಯ ಉದ್ದಕ್ಕೂ ಗಾಳಿಯಲ್ಲೇ ಕೈಯಾಡಿಸಿದಳು.

"ನಿನ್ನ ರಕ್ತ ಬಲೇ ಚಾಡಿಖೋರ ಬಿಡು" ಎಂದಳು. ನಗಲು ಹೋಗಿ ಕೆಮ್ಮು ಬಂತು.

"ನಿಮ್ಮದೂ ಒಂದ ಮಾತ ಹೇಳಬೇಕಿತ್ರಿ ಕಾಕು."

"ಹೇಳಲಿಲ್ಲ. ಏನ ಮಾಡೂದು?" ಬಾಗಿಲ ಬಿಸಿಲು ನೋಡಿ, "ಊಟ ಮಾಡಿ ಹೋಗು. ಹೊತ್ತ ಮುಳುಗೂದರಾಗ" ಎಂದಳು. ಸೊಸೆ ಅವಳ ಹಾಸಿಗೆಯ ಪಕ್ಕದಲ್ಲೇ ನನಗೆ ತಾಟು ಹಾಕಿದಳು. ಕಾಕು ನಾನು ಉಣ್ಣುವುದನ್ನು ನೋಡುತ್ತ ನಿದ್ದೆ ಹೋದಳು.

ಅದಾಗಿ ಹೆಚ್ಚು ದಿನ ಅವಳು ಇರಲಿಲ್ಲ. ಸುದ್ದಿ ಬಂದಾಗ ನಾನು ಹೋದೆ. ಓಣಿಯ ಹೆಂಗಸರು, "ಇವರ‍್ಯಾರು? ಭೋಜದವರಂತಲ್ಲ, ಏನಾಗಬೇಕು?" ಎಂದು ತಮ್ಮತಮ್ಮಲ್ಲಿ ಕೇಳಿಕೊಂಡರು. ಮಾತಾಡದ ಅವಳ ಯಜಮಾನರು ಕೂತಲ್ಲಿಂದಲೇ, "ನಮ್ಮ ಮನ್ಯಾಕೀ ಜೋಡಿ, ಗೆಳತಿ" ಎಂದರು. ಹೆಂಗಸರು ಸರಿದು ಅವಳ ತಲೆಯ ಹತ್ತಿರ ನನಗೆ ಜಾಗ ಮಾಡಿಕೊಟ್ಟರು.

ನನ್ನ ರೋಗ ಮತ್ತೆ ಬರಲಿಲ್ಲ. ಮುಂದೆ ಮಗಳು ಹತ್ತನೇ ಇಯತ್ತೆ ಪಾಸಾದಳು, ನಿಪ್ಪಾಣಿಯಲ್ಲಿ ಕಾಲೇಜು ಕಲಿತಳು, ನೌಕರಿಗೆ ಸೇರಿದಳು. ಅವಳ ಮದುವೆಯ ದಿನ, ಮಂದಿಯೆಲ್ಲ ಮಂಟಪದಲ್ಲಿದ್ದಾಗ, ನಾನು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ನಿಂತೆ. ಮಗಳು ಹುಡುಕಿಕೊಂಡು ಬಂದು, "ಯಾಕವ್ವಾ ಅಳಾಕತ್ತಿ?" ಎಂದಳು. ಏನು ಹೇಳಲಿ? ಮಗಳ ಮದುವೆಯ ಆ ದಿನ ನೋಡಲು ನಾನು ಉಳಿಯುವವಳೇ ಆಗಿರಲಿಲ್ಲ. ಬಿಸಿಲಲ್ಲಿ ಗಾಡಿ ಕಟ್ಟಿಸಿಕೊಂಡು ಬಂದು ಆ ದಿನವನ್ನು ನನಗೆ ಕೊಟ್ಟ ಕಾಕು, ತನಗಾಗಿ ಒಂದು ದಿನವನ್ನೂ ಉಳಿಸಿಕೊಳ್ಳಲಾರದೆ ಹೋಗಿದ್ದಳು.