ಪಾರ್ಲರ್ ಗಿಟಾರು

ಆ ಬೀದಿಯವರು ಅವಳನ್ನು ಪಾರ್ಲರ್ ಅಕ್ಕ ಎನ್ನುತ್ತಿದ್ದರು, ಅವಳ ಗಂಡನನ್ನು ಗಿಟಾರ್ ಮೇಷ್ಟ್ರು. ಇಬ್ಬರ ಕಸುಬೂ ಮನೆಯ ಮುಂದಿನ ಒಂದೇ ಕೋಣೆಯಲ್ಲಿ ನಡೆಯುತ್ತಿತ್ತು. ಬೆಳಗ್ಗೆ ಹೆಂಗಸರು ಐಬ್ರೋ ಮಾಡಿಸಿಕೊಳ್ಳಲು, ಕೂದಲು ಕತ್ತರಿಸಿಕೊಳ್ಳಲು ಬರುವರು. ಸಂಜೆ ಮಕ್ಕಳು ಬೆನ್ನಿಗೆ ಗಿಟಾರು ಹಾಕಿಕೊಂಡು ಬರುವರು. ನಡುವಿನ ಹೊತ್ತಿನಲ್ಲಿ ಅವಳು ಕನ್ನಡಿಗೆ ಪರದೆ ಎಳೆದು, ತಿರುಗುವ ಕುರ್ಚಿಯನ್ನು ಮೂಲೆಗೆ ನೂಕಿ, ನೆಲಕ್ಕೆ ಬಿದ್ದ ಕೂದಲನ್ನೆಲ್ಲ ಗುಡಿಸಿ, ಚಾಪೆ ಹಾಸಿ, ಗಂಡನ ಕುರ್ಚಿಯನ್ನು ತಂದಿಡುತ್ತಿದ್ದಳು. ಕ್ಲಾಸು ಮುಗಿದ ಮೇಲೆ ಅಷ್ಟನ್ನೂ ಮತ್ತೆ ಮೊದಲಿನಂತೆ ಮಾಡಬೇಕು. ಈ ಕೆಲಸಕ್ಕೆ ಮನೆಯಲ್ಲಿ ಹೆಸರಿರಲಿಲ್ಲ. ಹೆಸರಿಲ್ಲದ್ದರಿಂದ ಅದನ್ನು ಯಾರೋ ಮಾಡುತ್ತಿದ್ದಾರೆ ಎಂಬುದೂ ಯಾರ ಗಮನಕ್ಕೂ ಬಂದಿರಲಿಲ್ಲ.

ಮೇಷ್ಟ್ರ ಗಿಟಾರು ಹೆಸರಾಂತ ತಯಾರಕರದು. ಗಿಟಾರಿನ ಗಂಧಗಾಳಿ ಇಲ್ಲದವರೂ ಕೇಳಿರುವ ಹೆಸರು. ಮೇಷ್ಟ್ರು ಮಾತ್ರ ಆ ಹೆಸರು ಎತ್ತದೆ, ಲೋಕದಲ್ಲಿರುವುದು ಅದೊಂದೇ ಎಂಬಂತೆ, ಬರಿಯ 'ಕಂಪನಿ' ಎನ್ನುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ಇದರಿಂದ ಒಂದು ಎಡವಟ್ಟೂ ಆಗಿತ್ತು. "ನಮ್ಮ ಹುಡುಗಂದು ಕಂಪನೀದು" ಎಂದು ಗಂಡಿನ ಕಡೆಯವರು ಹೆಮ್ಮೆಯಿಂದ ಗಿಟಾರಿನ ವಿಷಯ ಹೇಳಿದ್ದನ್ನು ಅವಳಪ್ಪ ನೌಕರಿಯ ವಿಷಯ ಎಂದುಕೊಂಡು ಒಪ್ಪಿಬಿಟ್ಟಿದ್ದರು. ನಿಜ ಗೊತ್ತಾಗುವಷ್ಟರಲ್ಲಿ ಅಳಿಯ ಮನೆಗೆ ಬಂದಾಗಿತ್ತು, ಗಿಟಾರಿನ ಸಮೇತ. ಈ ಕಥೆ ಬಂದಾಗಲೆಲ್ಲ ಮೇಷ್ಟ್ರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಹೊಸದಾಗಿ ಸೇರಿದವರಿಗೆ ಅವರ ಮೊದಲ ಪಾಠವೂ ಕಂಪನಿಯದೇ. ಗಿಟಾರನ್ನು ಬೆಳಕಿಗೆ ಹಿಡಿದು, ಅದರ ದುಂಡು ಬಾಯಿಯೊಳಗೆ ಅಂಟಿಸಿದ ಚೀಟಿಯನ್ನು ತೋರಿಸುವರು.

"ಇಲ್ಲಿ ನೋಡ್ರೋ. ಮೊದಲು ಅಕ್ಷರ ಇದೆಯಲ್ಲ, ಅದು ಬಾಡಿಯ ಅಳತೆ. ಪಕ್ಕದ ನಂಬರು ಯಾವ ಮರ, ಎಷ್ಟು ಕುಸುರಿ ಅನ್ನೋದು. ನಂಬರ್ ದೊಡ್ಡದಾದ್ರೆ ನಾದ ಜಾಸ್ತಿ ಅಂತಲ್ಲ, ಸಿಂಗಾರ ಜಾಸ್ತಿ ಅಂತ. ಸಿಂಗಾರಕ್ಕೆ ಮರುಳಾಗಬೇಡಿ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಅವಳಿಗೆ ಪಾಠ ಇಷ್ಟರವರೆಗೆ ಬಾಯಿಗೆ ಬರುತ್ತಿತ್ತು. ಮುಂದಿನದನ್ನು ಕೇಳಿಸಿಕೊಳ್ಳುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು.

ಅತ್ತೆ ಬಿದ್ದು ಸೊಂಟ ಮುರಿದುಕೊಂಡವರು ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಬೆನ್ನಿನ ಕೆಳಗೆ ಬಲಗೈ ತೂರಿಸಿ, ಮಂಡಿಯ ಕೆಳಗೆ ಎಡಗೈ ಕೊಟ್ಟು ಅವರನ್ನು ಮಗ್ಗುಲಿಗೆ ಹೊರಳಿಸಬೇಕು, ಎತ್ತಿ ಕೂರಿಸಬೇಕು, ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು. ವರ್ಷಗಟ್ಟಲೆ ಇದನ್ನು ಅವಳೊಬ್ಬಳೇ ಮಾಡಿದಳು. ಮೊದಮೊದಲು ಮೇಷ್ಟ್ರು ಒಂದು ಕೈ ಹಾಕಲು ಬಂದರೆ ಅತ್ತೆಯೇ ಗದರುತ್ತಿದ್ದರು.

"ನೀನು ಬೇಡ ಕಣೋ, ಕೈಗೇನಾದ್ರೂ ಆದೀತು. ನಿನ್ನ ಅನ್ನ ಇರೋದೇ ಬೆರಳಲ್ಲಿ."

ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡು ಕೈಯಲ್ಲೂ ಅದನ್ನು ಹೊಸೆದು ಹುಬ್ಬು ತಿದ್ದುವ ಅವಳ ಅನ್ನವೂ ಬೆರಳಲ್ಲೇ ಇದೆ ಎಂಬುದು ಆ ಮನೆಯಲ್ಲಿ ಯಾರಿಗೂ ತೋಚಲಿಲ್ಲ; ಎಷ್ಟೋ ಕಾಲ ಅವಳಿಗೂ ತೋಚಲಿಲ್ಲ. ಅತ್ತೆ ಕೆಟ್ಟವರೇನಲ್ಲ. ಕೊನೆಕೊನೆಗೆ ಸೊಸೆಯ ಭುಜ ಹಿಡಿದು ಏಳುವಾಗ "ನಿನ್ನ ಪ್ರಾಣ ತಿಂದೆ ಕಣೇ" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದರು. "ಇನ್ನೂ ಸ್ವಲ್ಪ ಮಿಕ್ಕಿದೆ ಅತ್ತೆ, ನಿಧಾನಕ್ಕೆ ತಿನ್ನಿ" ಎಂದು ಅವಳು ಅವರನ್ನು ನಗಿಸುತ್ತಿದ್ದಳು.

ಅಷ್ಟು ಹೊತ್ತಿಗೆ ಅವಳ ಬಲ ಭುಜ ಬಿಗಿದುಕೊಂಡಿತ್ತು. ಕೈ ಮುಂದಕ್ಕೆ ಬರುತ್ತಿತ್ತು. ಪಕ್ಕಕ್ಕೋ ಮೇಲಕ್ಕೋ ಎತ್ತಲು ಹೋದರೆ ಜೀವ ಹೋದಂತಾಗುತ್ತಿತ್ತು. ಬಟ್ಟೆ ತೊಡುವಾಗ ಬಲಗೈಯನ್ನೇ ಮೊದಲು ತೂರಿಸುವುದನ್ನು ಅವಳು ರೂಢಿಸಿಕೊಂಡಳು. ಅಡುಗೆಮನೆಯ ಮೇಲಿನ ಗೂಡಿನಲ್ಲಿದ್ದ ಡಬ್ಬಗಳನ್ನೆಲ್ಲ ಕೆಳಗಿಳಿಸಿಕೊಂಡಳು. ಡಬ್ಬಗಳು ಜಾಗ ಬದಲಿಸಿದ್ದು ಕಂಡು ಮೇಷ್ಟ್ರು, "ಪರವಾಗಿಲ್ವೇ, ಅಡುಗೆಮನೆ ಚೆನ್ನಾಗಿ ಜೋಡಿಸಿದೀಯ" ಎಂದರು.

ಅತ್ತೆ ತೀರಿಕೊಂಡ ಮೇಲೆ ಮಧ್ಯಾಹ್ನಗಳು ಬಿಡುವಾದವು. ಕರೆಯುವ ದನಿ ಇಲ್ಲದ ಮನೆಯಲ್ಲಿ ಅವಳು ಆಗಾಗ ತಟ್ಟನೆ ಎದ್ದು ನಿಂತು, ಯಾಕೆ ಎದ್ದೆ ಎಂದು ತಿಳಿಯದೆ ಮತ್ತೆ ಕೂರುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ಊಟದ ತಟ್ಟೆ ಎತ್ತುತ್ತ, "ರೀ, ನಂಗೂ ಕಲಿಸಿ" ಎಂದಳು.

"ಏನನ್ನ?"

"ಗಿಟಾರು. ಮತ್ತೇನು, ನಿಮ್ಮ ಹತ್ರ ಅಡುಗೆ ಕಲೀಲಾ?"

ಮೇಷ್ಟ್ರಿಗೆ ನಿಜಕ್ಕೂ ಸಂತೋಷವಾಯಿತು. ಯಾವ ಶಿಷ್ಯನ ಕೈಗೂ ಕೊಡದ ಕಂಪನಿ ಗಿಟಾರನ್ನು ಗೋಡೆಯಿಂದ ಇಳಿಸಿ ಅವಳ ತೊಡೆಯ ಮೇಲಿಟ್ಟರು. ಅವಳ ಆಸೆಯೂ ದೊಡ್ಡದೇನಲ್ಲ. ಸಂಜೆಯ ಕ್ಲಾಸುಗಳಲ್ಲಿ ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ಒಂದು ಹಾಡಿತ್ತು. ಅದನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಾರೆ ನುಡಿಸಬೇಕು, ಅಷ್ಟೇ.

ಆದರೆ ಆ ಗಿಟಾರಿನ ಒಡಲು ಅಗಲ, ಆಳವೂ ಹೆಚ್ಚು. ಅದರ ಮೇಲಿಂದ ತೋಳು ಬಳಸಿ ಬೆರಳನ್ನು ತಂತಿಗೆ ತರಬೇಕಾದರೆ ಮೊಣಕೈ ಪಕ್ಕಕ್ಕೆ ಏಳಬೇಕು, ಜೊತೆಗೆ ಭುಜವೂ ಏರಬೇಕು. ಅವಳ ಭುಜ ಏರುತ್ತಿರಲಿಲ್ಲ.

"ಕೈ ಸಡಿಲ ಬಿಡು. ಯಾಕೆ ಹಾಗೆ ಮುದುರ್ಕೋತೀಯ?"

"ನೋಯುತ್ತೆ ರೀ."

"ಶುರುವಲ್ಲಿ ಎಲ್ಲರಿಗೂ ನೋಯುತ್ತೆ, ಬೆರಳಿನ ಚರ್ಮ ಗಟ್ಟಿಯಾಗೋವರೆಗೆ."

"ಬೆರಳಲ್ಲ..."

"ದೊಡ್ಡದರಲ್ಲಿ ಕಲಿತರೆ ಆಮೇಲೆ ಯಾವುದಾದ್ರೂ ಸಲೀಸು. ಸುಮ್ಮನೆ ನೆಪ ಹೇಳಬೇಡ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಯಾವ ಕೆಲಸಕ್ಕೂ ನೆಪ ಹೇಳಿ ಗೊತ್ತಿಲ್ಲದವಳು ಅವಳು. ಮರುಮಾತಾಡದೆ ದಿನಾ ಮಧ್ಯಾಹ್ನ ಹಲ್ಲು ಕಚ್ಚಿ ಕೂತಳು. ಹಿಟ್ಟು ನಾದುವಾಗ ಕೈಯಲ್ಲಿ ಬಲ ನಿಲ್ಲಲಿಲ್ಲ. ಒಂದು ಬೆಳಗ್ಗೆ ದಾರ ಹಿಡಿದ ಕೈ ನಡುಗಿ ಗಿರಾಕಿಯೊಬ್ಬಳ ಹುಬ್ಬು ಒಂದು ಕಡೆ ಮೇಲೆದ್ದಿತು. "ಏನಕ್ಕ, ಒಂದು ಹುಬ್ಬು ಪ್ರಶ್ನೆ ಕೇಳ್ತಾ ಇದೆ, ಇನ್ನೊಂದು ನಿದ್ದೆ ಮಾಡ್ತಾ ಇದೆ" ಎಂದು ಗಿರಾಕಿ ನಗುತ್ತಲೇ ಹೇಳಿದಳು. ಆ ಗಿರಾಕಿ ಮತ್ತೆ ಬರಲಿಲ್ಲ.

ಗಿಟಾರು ಗೋಡೆಗೆ ಮರಳಿತು. "ಆಸೆ ಇತ್ತು ಪಾಪ, ಕೈ ಒಗ್ಗಲಿಲ್ಲ" ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ಕಷ್ಟ. ಕೇಳಿ ಕೇಳಿ ಅವಳೂ ಅದನ್ನೇ ನಂಬಿದಳು. ತನ್ನ ಕೈ ದುಡಿಯಲಿಕ್ಕೆ ಸರಿ, ನುಡಿಸಲಿಕ್ಕಲ್ಲ ಎಂದುಕೊಂಡಳು. ಚಹಾ ಕೊಡಲು ಹೋದಾಗ ಆ ಹಾಡು ಕೇಳಿಸಿದರೆ ತಟ್ಟೆ ಇಟ್ಟು ಬೇಗ ಒಳಗೆ ಬಂದುಬಿಡುತ್ತಿದ್ದಳು.

ಕಂಪನಿ ಗಿಟಾರಿಗೂ ವಯಸ್ಸಾಗಿತ್ತು. ಅದರ ಹೊಟ್ಟೆಯ ಮೇಲೆ ತಂತಿಗಳನ್ನು ಬಿಗಿದಿಡುವ ಮರದ ಪಟ್ಟಿ ಎದ್ದು ಬರತೊಡಗಿದಾಗ ಮೇಷ್ಟ್ರು ಅದನ್ನು ಆ ಕಂಪನಿಯ ಮಾಲನ್ನೇ ಮಾರುವ ಅಂಗಡಿಗೆ ಒಯ್ಯಲು ಹೊರಟರು. ಬಸ್ಸಿನಲ್ಲಿ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಲ್ಲ ಎಂದು ಅವಳನ್ನೂ ಕರೆದೊಯ್ದರು.

ಉದ್ದನೆಯ ಕೋಣೆ, ಎರಡೂ ಗೋಡೆಗೆ ಗಿಟಾರುಗಳು. ಮೇಷ್ಟ್ರು ರಿಪೇರಿಯವನ ಜೊತೆ ಒಳಗೆ ಹೋದರು. ಅವಳು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಳು. ಅಂಗಡಿ ನೋಡಿಕೊಳ್ಳುತ್ತಿದ್ದವಳು ಗಿಡ್ಡ ಕೂದಲಿನ ನಡುವಯಸ್ಸಿನ ಹೆಂಗಸು.

"ನೀವೂ ನುಡಿಸ್ತೀರಾ ಅಕ್ಕ?"

"ಇಲ್ಲಮ್ಮ, ನಂಗೆ ಕೈ ಎಟುಕಲ್ಲ."

ಅಂಗಡಿಯಾಕೆ ಅವಳನ್ನೊಮ್ಮೆ ಅಳತೆ ತೆಗೆಯುವಂತೆ ನೋಡಿ, "ಪಾರ್ಲರ್ ನೋಡಿದೀರಾ?" ಎಂದಳು.

"ನೋಡೋದೇನು, ನಡೆಸ್ತಾನೇ ಇದೀನಲ್ಲ."

"ನುಡಿಸ್ತಾ ಇದೀರಾ? ಈಗ ತಾನೇ ಇಲ್ಲ ಅಂದ್ರಿ?"

"ನುಡಿಸೋದಲ್ಲಮ್ಮ, ನಡೆಸೋದು. ಒಂದಿನ ಬನ್ನಿ, ಹಿಂದುಗಡೆ ಕೂದಲು ಸರಿ ಮಾಡಿಕೊಡ್ತೀನಿ. ಯಾರು ಕಣ್ಮುಚ್ಚಿಕೊಂಡು ಕತ್ತರಿಸಿದ್ದು ಇದನ್ನ?"

ಅಂಗಡಿಯಾಕೆ ಕತ್ತಿನ ಹಿಂದೆ ಕೈಯಿಟ್ಟು ಒಂದು ಗಳಿಗೆ ತಬ್ಬಿಬ್ಬಾದಳು. ಮಾತು ಎಲ್ಲಿ ತಪ್ಪಿತೆಂದು ಹೊಳೆದ ಮೇಲೆ ಬಿದ್ದು ಬಿದ್ದು ನಕ್ಕಳು. ಗೋಡೆಯ ಕೆಳಸಾಲಿನಿಂದ ಒಂದು ಗಿಟಾರು ಇಳಿಸಿ ತಂದಳು. ಸಣ್ಣ ಸೊಂಟ, ತೆಳ್ಳನೆಯ ಒಡಲು.

"ಇದಕ್ಕೆ ಪಾರ್ಲರ್ ಗಿಟಾರ್ ಅಂತಾನೇ ಹೆಸರು. ಪಾರ್ಲರ್ ಅಂದ್ರೆ ಆಗೆಲ್ಲ ಮನೆ ಮುಂದಿನ ಕೋಣೆ. ಅಲ್ಲಿ ಕೂತು ನುಡಿಸೋಕೆ ಅಂತ ಮಾಡಿದ್ದು. ಹೆಂಗಸರೇ ಹೆಚ್ಚು ನುಡಿಸ್ತಿದ್ರಂತೆ."

"ಮಕ್ಕಳದಲ್ವಾ ಇದು?"

"ದೊಡ್ಡೋರದ್ದೇ ಅಕ್ಕ. ನಿಮ್ಮನೆಯವರದ್ದೂ ಇದೂ ಒಂದೇ ಕಂಪನಿ. ಹಿಡ್ಕೊಳಿ."

ಅವಳು ಮೊದಲೇ ಹಲ್ಲು ಕಚ್ಚಿಕೊಂಡು ತೋಳು ಬಳಸಿದಳು. ಮೊಣಕೈ ಒಡಲಿಗೆ ಒರಗಿತು. ಬೆರಳು ತಂತಿಯ ಮೇಲಿತ್ತು, ಭುಜ ಇದ್ದಲ್ಲೇ ಇತ್ತು. ಅವಳು ನೋವಿಗಾಗಿ ಕಾದಳು. ಅದು ಬರಲಿಲ್ಲ.

"ಭುಜ ಹಿಡ್ಕೊಂಡಿದೆ ಅಲ್ವಾ? ಯಾವಾಗಿಂದ?" ಎಂದಳು ಅಂಗಡಿಯಾಕೆ.

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ತಲೆ ತಗ್ಗಿಸಿ ಒಂದೊಂದೇ ತಂತಿಯನ್ನು ಮೀಟುತ್ತ ಕೂತಳು. ಅಂಗಡಿಯಾಕೆಯೂ ಒತ್ತಾಯಿಸದೆ ಅದೇ ಅಳತೆಯ ಇನ್ನೊಂದನ್ನು ತಂದು ಪಕ್ಕಕ್ಕಿಟ್ಟಳು. ಒಂದರ ಮುಂದಿನ ಹಲಗೆ ಬಿಳಿಚು ಮರದ್ದು, ಇನ್ನೊಂದು ಪೂರ್ತಿ ಕೆಂಪು ಮಹಾಗನಿ. ಎರಡರಲ್ಲೂ ತಂತಿ ಗಿಡ್ಡ, ಹಾಗಾಗಿ ಒತ್ತಲು ಮೆದು. ಎರಡರದ್ದೂ ಇಡೀ ಮರದ ಹಲಗೆ, ಪದರ ಅಂಟಿಸಿದ್ದಲ್ಲ. ನುಡಿಸಿದಷ್ಟೂ ದನಿ ಬಿಚ್ಚಿಕೊಳ್ಳುತ್ತದೆ, ಆದರೆ ಒಲೆಯ ಬಿಸಿ, ಗೋಡೆಯ ತೇವ ತಾಗದಂತೆ ನೋಡಿಕೊಳ್ಳಬೇಕು ಎಂದಳು. ಪಾರ್ಲರ್ ಅಕ್ಕ ಒಂದೊಂದನ್ನೂ ಮೀಟಿ, ಗಿಟಾರಿನ ಅಂಚಿಗೆ ಕೆನ್ನೆ ಒತ್ತಿ ಕೇಳಿದಳು. ಯಾರಿಗೋ ಕೊಡಲಿಕ್ಕಲ್ಲದೆ ತನಗೇ ಎಂದು ಒಂದು ವಸ್ತುವನ್ನು ಅವಳು ಇಷ್ಟು ಹೊತ್ತು ನೋಡಿದ್ದೇ ಇರಲಿಲ್ಲ.

"ಬಿಳೀದು ಬೀದಿಗೆಲ್ಲ ಹೇಳೋ ಥರ ಇದೆ. ಕೆಂಪಂದು ನಂಗೊಬ್ಬಳಿಗೇ ಹೇಳೋ ಥರ," ಎಂದಳು. ಆಮೇಲೆ ಕೆಂಪು ಮರದ ಮೇಲೆ ಅಂಗೈ ಆಡಿಸಿ, "ಇದು ಹೊಳೆಯೋದೂ ಇಲ್ಲ, ಒಳ್ಳೇದಾಯ್ತು. ಬೆರಳು ಗುರುತು ಕೂತ್ರೆ ಒರೆಸೋಳು ನಾನೇ ತಾನೇ."

ಅಷ್ಟರಲ್ಲಿ ಮೇಷ್ಟ್ರು ಹೊರಬಂದರು. "ಏನೇ ಇದು, ಆಟದ ಸಾಮಾನು? ಇದರಲ್ಲಿ ಗಟ್ಟಿ ನಾದ ಬರಲ್ಲ. ಸಭೇಲಿ ಎರಡನೇ ಸಾಲಿಗೇ ಕೇಳಲ್ಲ."

"ಇಂಥದ್ದಿದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು! ಕಂಪನಿ ಮೊದಲು ಮಾಡ್ತಿದ್ದದ್ದೇ ಚಿಕ್ಕವನ್ನ. ದೊಡ್ಡವು ಬಂದಿದ್ದೆಲ್ಲ ಆಮೇಲೆ. ಪ್ರತಿ ಬ್ಯಾಚಿಗೂ ಹೇಳ್ತೀನಲ್ಲ ಇದನ್ನ."

ಪಾಠದಲ್ಲಿ ಅವಳು ಎಂದೂ ಕೇಳಿಸಿಕೊಳ್ಳಲಾಗದ ಭಾಗ ಅದು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಅಂಗಡಿಯಾಕೆ ಸುಮ್ಮನೆ ಒಳಗೆ ಸರಿದಳು.

"ಹೊಳೀಲಿಲ್ಲ," ಎಂದರು ಮೇಷ್ಟ್ರು. "ನೋಯೋದು ಬೆರಳು ಅಂದ್ಕೊಂಡೆ. ಭುಜಕ್ಕೇನಾಯ್ತು ನಿಂಗೆ?"

"ನಿಮ್ಮಮ್ಮನ್ನ ಎತ್ತಿದ್ದು ಇದರಲ್ಲೇ ಅಲ್ವಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹುಬ್ಬು ತಿದ್ದುವ ಮೊದಲು ಗಿರಾಕಿಗೆ ಕಣ್ಣು ಮುಚ್ಚಿಕೊಳ್ಳಿ ಎನ್ನುವಾಗ ಇರುವಷ್ಟೇ ಮೆದುವಾಗಿತ್ತು. ಮೇಷ್ಟ್ರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಕೈಯನ್ನು ಎಲ್ಲಿಡುವುದೆಂದು ತಿಳಿಯದವರಂತೆ ಜೇಬಿಗೆ ಹಾಕಿದರು.

"ಮನೇಲಿ ಒಂದು ಇದೆಯಲ್ಲ..." ಎಂದು ಶುರು ಮಾಡಿ ಅವರೇ ನಿಲ್ಲಿಸಿದರು.

"ಅದು ನಿಮ್ಮ ಅಳತೇದು," ಎಂದಳು ಅವಳು. ತನ್ನ ದುಡಿಮೆಯ ಹಣದಲ್ಲಿ ಕೆಂಪು ಗಿಟಾರನ್ನು ತಾನೇ ಕೊಂಡಳು. ದೊಡ್ಡದು ರಿಪೇರಿಗೆ ಅಲ್ಲೇ ಉಳಿಯಿತು. ಬಸ್ಸಿನಲ್ಲಿ ಮೇಷ್ಟ್ರು, "ಇಲ್ಲಿ ಕೊಡು, ನಾನು ಹಿಡ್ಕೋತೀನಿ" ಎಂದರು. ಅವಳು ಕೊಡಲಿಲ್ಲ.

ಮುಂದೆ ಅವಳು ಮಧ್ಯಾಹ್ನ ಪಾರ್ಲರಿನ ಕುರ್ಚಿಯಲ್ಲೇ ಕೂತು ಕಲಿತಳು. ಭುಜ ವಾಸಿಯಾಗಲಿಲ್ಲ, ಆಗುವಂಥದ್ದೂ ಅಲ್ಲ. ಅದು ಇರುವ ಹಾಗೆಯೇ ಕಲಿತಳು. ಮೇಷ್ಟ್ರು ಒಳಗಿನಿಂದಲೇ ತಪ್ಪು ಹೇಳಬೇಕೆಂದು ಕಿವಿ ಕೊಟ್ಟರೆ ಅಲ್ಲಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಮೊದಲು ಬಾಗಿಲಿಗೆ ಬಂದರು, ಆಮೇಲೆ ಕೋಣೆಯೊಳಕ್ಕೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

ಒಂದು ದಿನ ಆ ಹಾಡು ಮುಗಿಯುವ ಮೊದಲೇ ಮಕ್ಕಳು ಬಂದು ಹೊಸ್ತಿಲಲ್ಲಿ ಗುಂಪಾದರು. ಕೋಣೆ ಇನ್ನೂ ಪಾರ್ಲರ್ ಆಗಿಯೇ ಇತ್ತು.

"ಆಂಟಿ, ಕ್ಲಾಸ್ ಇನ್ನೂ ಶುರು ಆಗಿಲ್ವಾ?"

ಅವಳು ತಲೆ ಎತ್ತಲಿಲ್ಲ. ಮೇಷ್ಟ್ರು ಮಕ್ಕಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಹಾಡಿನ ನಡುವೆ ತಂತಿ ಒತ್ತಿದ ಬೆರಳಿನ ಒಂದು ಪಟ್ಟು ಜಾರಿತು. ಅವರು ಅಭ್ಯಾಸಬಲದಿಂದ ಏಳಹೋದರು.

"ಕೂತ್ಕೊಳ್ರೀ," ಎಂದಳು ಅವಳು, ನುಡಿಸುತ್ತಲೇ. "ತಪ್ಪಿದ್ದು ನಂಗೂ ಕೇಳಿಸ್ತು."

ಅವರು ಕೂತರು. ಅವಳು ಮುಂದಿನ ಸಾಲು ಹಿಡಿದು ಕೊನೆಯವರೆಗೂ ನುಡಿಸಿದಳು.